ಹೆಸರು ಹಾಕುತ್ತಿದ್ದ ಲಕ್ಕೂ

ಹೆಸರು ಕೇಳಿದರೆ ಲಕ್ಕಪ್ಪ ಹೆಸರು ಹೇಳುತ್ತಿರಲಿಲ್ಲ. ಬಲಗೈ ಮುಷ್ಟಿಯನ್ನು ಮೈಕಿನಂತೆ ಬಾಯಿಗೆ ಹಿಡಿದು, ಕುತ್ತಿಗೆಯ ನರ ಉಬ್ಬಿಸಿ, 'ಕೌಜಲಗಿ ಹುಲಿ, ಹುಡುಗ್ಯಾರ ಹಾರ್ಟ್‌ಬೀಟ್, ಫೀಲಿಂಗ್ ಲಕ್ಕೂ' ಎಂದು ಕೂಗುತ್ತಿದ್ದ. ಮೊದಲ ಸಲ ಅವನು ಹೀಗೆ ಕೂಗಿದ್ದು ಗೋಕಾಕದ ನಮ್ಮ ಪತ್ರಿಕೆಯ ಕಚೇರಿಯಲ್ಲಿ, ಊಟದ ಹೊತ್ತಿಗೆ. ಪುಟ ಕಟ್ಟುವ ಹುಡುಗಿ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಹೆಸರು, ಊರು, ಬಂದ ಕೆಲಸ ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಪ್ಪಾ ಎಂದೆ. ಅದು ಅವನಿಂದ ಆಗಲಿಲ್ಲ.

ಬಂದ ಕೆಲಸವೆಂದರೆ, ಅವನು ಸಂಗೀತ ಬಿಡುತ್ತಿದ್ದ. ತನ್ನ ಕೊನೆಯ ಹಾಡು ಹೊರಬಂದಿರುವುದನ್ನು ಪತ್ರಿಕೆ ಫೋಟೊ ಸಮೇತ ಪ್ರಕಟಿಸಬೇಕಾಗಿತ್ತು. ಯಾಕೆ ಬಿಡುತ್ತಿ ಎಂದು ಕೇಳಿದ್ದಕ್ಕೆ, 'ಫೀಲಿಂಗ್ ಆಗೇತ್ರಿ ಸರ' ಎಂದ. ಅದು ಸುದ್ದಿಯಲ್ಲ ಎಂದು ಹೇಳಿ, ಒಂದು ಲೋಟ ನೀರು ಕೊಟ್ಟು ಕಳಿಸಿದೆ. ಮುಂದಿನ ತಿಂಗಳುಗಳಲ್ಲಿ ಅವನ ಕೊನೆಯ ಹಾಡು ಮತ್ತೆ ಮತ್ತೆ ಬಂತು. ಪ್ರತಿ ಕೊನೆಯ ಹಾಡಿನ ಜೊತೆ ಮೊಬೈಲಿನ ಪರದೆಯ ಮೇಲೆ ಅವನ ಕಣ್ಣೀರಿನ ಚಿತ್ರ ಇರುತ್ತಿತ್ತು. ಕಣ್ಣೀರು ಕಂಪ್ಯೂಟರಿನದು.

ಅವನ ಕಸುಬನ್ನು ಸ್ವಲ್ಪ ವಿವರಿಸಬೇಕು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡುತ್ತವೆ. ಪ್ರತಿಯೊಂದಕ್ಕೂ ಡ್ರೈವರನಿಗಿಂತ ದೊಡ್ಡ ಸ್ಪೀಕರ್ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಬಡಿಯುವ ಹಾಡುಗಳು ಹುಟ್ಟುವುದು ಮೂಡಲಗಿ ಕಡೆಯ ಸಣ್ಣ ಸ್ಟುಡಿಯೊಗಳಲ್ಲಿ. ಹುಡುಗಿ ಒಲ್ಲೆನೆಂದರೆ ಹುಡುಗ ಸ್ಟುಡಿಯೊಗೆ ಬಂದು ತನ್ನ ಕಥೆ ಹೇಳಿ ಹಾಡು ಮಾಡಿಸುತ್ತಾನೆ. ಹಾಡಿನಲ್ಲಿ ಹುಡುಗಿಯ ಹೆಸರು, ಅವಳ ಊರು, ಹುಡುಗನ ಗೆಳೆಯರ ಹೆಸರು, ಟ್ರ್ಯಾಕ್ಟರ್ ಮಾಲಕನ ಹೆಸರು, ಕೊನೆಗೆ ಹಾಡಿದವನ ಹೆಸರು ಬರಬೇಕು. ಇಷ್ಟು ಹೆಸರುಗಳ ನಡುವೆ ಜಾಗ ಉಳಿದರೆ ಅಲ್ಲಿ ಹಾಡು ಬರುತ್ತದೆ.

ಪದದ ಕೊನೆಗೆ ಹೆಸರು ಹಾಕುವುದು ಇಲ್ಲಿ ಹೊಸದೇನಲ್ಲ. ಲಕ್ಕೂನ ತಂದೆ ಸಿದ್ದಪ್ಪ ಕೌಜಲಗಿಯ ಕುರಿಗಾರ, ಡೊಳ್ಳಿನ ಪದದ ಮೇಳದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು. ಅವರು ಪದ ಮುಗಿಸುವಾಗ ಗುರುವಿನ ಹೆಸರು ಹಾಕಿ, ಕಿವಿಗೆ ಹಚ್ಚಿದ ಕೈ ಇಳಿಸುತ್ತಿದ್ದರು. ಮಗನ ಹಾಡಿನ ಬಗ್ಗೆ ಅವರ ಅಭಿಪ್ರಾಯವನ್ನು ನಾನು ಒಮ್ಮೆ ಕೇಳಿದೆ. 'ನಮ್ದು ಒಂದ ಪದಾ, ಒಂದ ಹೆಸರ್ರಿ. ನಮ್ಮ ಲಕ್ಕ್ಯಾಂದು ರೇಷನ್ ಅಂಗಡಿ ಪಾಳಿ ಹಚ್ಚಿದಂಗ ಇರತೈತಿ' ಎಂದರು. ಮಗ ಹಾಡುವುದಾದರೆ ಮನೆಯಲ್ಲಿ ಹಾಡಬಾರದು, ಕುರಿಹಟ್ಟಿಯ ಹತ್ತಿರವಂತೂ ಸುಳಿಯಲೇಬಾರದು ಎಂದು ಅವರು ಹೇಳಿದ್ದರಿಂದ ಲಕ್ಕೂ ಸ್ಟುಡಿಯೊದಲ್ಲೇ ಮಲಗುತ್ತಿದ್ದ.

ಸ್ಟುಡಿಯೊ ಇದ್ದದ್ದು ಬೀಜ-ಗೊಬ್ಬರದ ಅಂಗಡಿಯ ಮೇಲೆ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇ ಬಡಿದಿದ್ದರು. ಮಾಲಕ ಬಾಳಾಸಾಬ ಎಂಬವನು ಹಿಂದೆ ಅದೇ ಅಂಗಡಿಯಲ್ಲಿ ಯೂರಿಯಾ ತೂಗುತ್ತಿದ್ದ. ಸ್ಟುಡಿಯೊಗಳ ಬಗ್ಗೆ ಒಂದು ಲೇಖನ ಬರೆಯಲು ನಾನು ಅಲ್ಲಿಗೆ ಹೋದಾಗ ಲಕ್ಕೂ ಒಬ್ಬ ಹುಡುಗನನ್ನು ಎದುರು ಕೂಡಿಸಿಕೊಂಡು, ತಹಶೀಲ್ದಾರ ಕಚೇರಿಯ ಗುಮಾಸ್ತನಂತೆ ವಿಚಾರಿಸುತ್ತಿದ್ದ. ಹುಡುಗಿ ಹೆಸರು ಪೂರಾ ಹಾಕುವುದೋ, ಮೊದಲ ಅಕ್ಷರ ಸಾಕೋ? ಮದುವೆ ಆಗಿದೆಯೋ ಇಲ್ಲವೋ? ಅಣ್ಣತಮ್ಮಂದಿರು ಎಷ್ಟು ಮಂದಿ, ಜಗಳಗಂಟರೋ ಹೇಗೆ? ಹುಡುಗಿಯನ್ನು ಕೇಳಿದ್ದೀರಾ ಎಂದು ನಾನು ನಡುವೆ ಬಾಯಿ ಹಾಕಿದೆ. ಲಕ್ಕೂ ನನ್ನನ್ನು ಕನಿಕರದಿಂದ ನೋಡಿದ.

'ಆಕಿ ಕೇಳೂವಂಗ ಇದ್ರ ಹಾಡ ಯಾಕ ಬೇಕಿತ್ರಿ ಸರ?'

ಆಮೇಲೆ ಹಾಡು ಮಾಡುವುದನ್ನು ನೋಡಿದೆ. ಅವನು ಒಂದೊಂದು ಸಾಲನ್ನು ತುಂಡು ತುಂಡಾಗಿ ಒದರುತ್ತಿದ್ದ. ಬಾಳಾಸಾಬ ಆ ತುಂಡುಗಳನ್ನು ಯಂತ್ರದಲ್ಲಿ ಹಾಕಿ, ಶ್ರುತಿ ಏರಿಸಿ, ಮೆತ್ತಿ ಜೋಡಿಸುತ್ತಿದ್ದ. ಹೊರಬಂದದ್ದು ಮೀಸೆ ಬರದ ಹುಡುಗನೊಬ್ಬ ಡಬ್ಬಿಯೊಳಗೆ ಕೂತು ಹಾಡಿದಂಥ ದನಿ. ಅದು ಲಕ್ಕೂನದು ಎಂಬುದಕ್ಕೆ ಕೊನೆಗೆ ಬರುವ ಹೆಸರೊಂದೇ ಆಧಾರ.

ಅವನಿಗೆ ಒಂದು ತತ್ವ ಇತ್ತು. ಚಹಾ ಕುಡಿಸಿದವರು, ಬೈಕಿನಲ್ಲಿ ಬಿಟ್ಟುಬಂದವರು, ಚಾರ್ಜರ್ ಕೊಟ್ಟವರು, ಎಲ್ಲರ ಹೆಸರನ್ನೂ ಅವನು ಹಾಡಿಗೆ ಹಾಕುತ್ತಿದ್ದ. 'ಉಪಕಾರ ಇಟ್ಕೋಬಾರದ್ರಿ ಸರ, ಹಾಡಿನ್ಯಾಗ ಹಾಕಿ ಮುಟ್ಟಸಬೇಕು' ಎನ್ನುತ್ತಿದ್ದ. ಆ ಒಂದು ಲೋಟ ನೀರಿಗಾಗಿ ನನ್ನ ಹೆಸರನ್ನೂ ಹಾಕಿದ. ಪಂಕ್ಚರ್ ಅಂಗಡಿಯವನಿಗೂ ಆಡಿನ ವ್ಯಾಪಾರಿಗೂ ನಡುವೆ ನಾನಿದ್ದೆ. ನಮ್ಮ ಓಣಿಯ ಹುಡುಗರು ನನ್ನನ್ನು ಕಂಡಾಗ ಆ ತುಂಡನ್ನು ಹಾಡಿ ನಗುತ್ತಿದ್ದರು. ಲಕ್ಕೂ ಅದನ್ನು ಗೌರವವೆಂದೇ ತಿಳಿದಿದ್ದ.

ಒದರಿ ಒದರಿ ಅವನ ಗಂಟಲು ಕೆಟ್ಟಿತು. ಮಾತು ಅರ್ಧ ಗಾಳಿಯಾಗಿ ಹೋಗುತ್ತಿತ್ತು. ವೇದಿಕೆಯ ಮೇಲೆ ಹಾಡಲಾಗದೆ, ಸ್ಟುಡಿಯೊದ ಹಾಡನ್ನೇ ಹಚ್ಚಿ ಬಾಯಿ ಆಡಿಸತೊಡಗಿದ. ಮೂಡಲಗಿ ಹತ್ತಿರದ ಹಳ್ಳಿಯೊಂದರಲ್ಲಿ ಸ್ಪೀಕರಿನ ವೈರು ಕಿತ್ತುಹೋಯಿತು. ದೀಪ ಉರಿಯುತ್ತಿತ್ತು, ಹಾಡು ನಿಂತಿತ್ತು, ಲಕ್ಕೂ ಕಣ್ಣು ಮುಚ್ಚಿ ಬಾಯಿ ಆಡಿಸುತ್ತಲೇ ಇದ್ದ. ಜನ ಮೊದಲು ನಕ್ಕರು, ಆಮೇಲೆ ಚಪ್ಪಲಿ ಎಸೆದರು. ಆ ಚಪ್ಪಲಿಗಳನ್ನು ಎಸೆದವರೇ ವರ್ಷವಿಡೀ ಅವನ ಹಾಡಿಗೆ ಕುಣಿದವರು. ದನಿ ಅವನದಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಾಗಿರಲಿಲ್ಲ. ತಾವು ನೋಡುತ್ತಿರುವಾಗ ಅದು ಬಯಲಾಗಬಾರದಿತ್ತು, ಅಷ್ಟೇ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

ಅದೇ ವರ್ಷದ ಮುಂಗಾರಿನಲ್ಲಿ ನನ್ನ ಎಡಗಿವಿಯಲ್ಲಿ ಗುಂಯ್ ಎನ್ನುವುದು ಶುರುವಾಗಿ ಹುಕ್ಕೇರಿಗೆ ಹೋದೆ. ಅಲ್ಲಿ ವಿಶಾಖಾ ಮೇಡಂ ಎಂದು ಕಿವಿ, ಮೂಗು, ಗಂಟಲಿನ ಡಾಕ್ಟರು ಇದ್ದಾರೆ. ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ರಸ್ತೆಯಲ್ಲಿ ಸಣ್ಣ ದವಾಖಾನೆ, ಬಾಗಿಲ ಮೇಲೆ ಅವರ ಹೆಸರಿನ ಬೋರ್ಡು, ಒಳಗೆ ಬುದ್ಧನ ಪುಟ್ಟ ಮೂರ್ತಿ. ಬಾಗಿಲ ಬಳಿ ಬಿಳಿ ಟೋಪಿ ಹಾಕಿಕೊಂಡು ಚೀಟಿ ಕೊಡುವವರು ಅವರ ತಂದೆ. ಮಂದಿಯ ಹೊಲದಲ್ಲಿ ದುಡಿದು ಮಗಳನ್ನು ಓದಿಸಿದ ಮನುಷ್ಯ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮೇಡಂ ರೋಗಿಗಳನ್ನು ನೋಡುವ ಜಾಗಕ್ಕೂ ನಾವು ಕೂರುವ ಬೆಂಚಿಗೂ ನಡುವೆ ಒಂದು ಪರದೆ ಮಾತ್ರ.

ನನಗಿಂತ ಮೊದಲು ಒಳಗೆ ಹೋದವನು ಲಕ್ಕೂ. ಬೆಂಚಿನ ಮೇಲೆ ಕೂತಾಗ ತಾನು ಬಂದ ಕಾರಣವನ್ನು ಗಾಳಿಯಂಥ ದನಿಯಲ್ಲಿ ನನಗೆ ಹೇಳಿದ್ದ. ಗಂಟಲು ಪೂರ್ತಿ ಹೋಗಿದೆ ಎಂದು ಡಾಕ್ಟರರಿಂದ ಸರ್ಟಿಫಿಕೇಟ್ ಬರೆಸಿಕೊಂಡು ಮೊಬೈಲಿನಲ್ಲಿ ಹಾಕಿದರೆ, ಈ ಸಲದ ಕೊನೆಯ ಹಾಡನ್ನು ಜನ ನಂಬುತ್ತಾರಂತೆ. ವಾಸಿ ಮಾಡಿಸಿಕೊಳ್ಳುವ ವಿಚಾರ ಅವನ ತಲೆಗೇ ಬಂದಿರಲಿಲ್ಲ.

ಒಳಗಿನಿಂದ ಮೇಡಂ ದನಿ ಕೇಳಿಸಿತು. ಗಂಟಲಿನಲ್ಲಿ ಎರಡೂ ಕಡೆ ಗಂಟು ಎದ್ದಿವೆ, ಒದರಿದ್ದಕ್ಕೆ ಎದ್ದಿವೆ ಎಂದರು. ಸರ್ಟಿಫಿಕೇಟಿನ ಮಾತು ಬಂದಾಗ, ಅಂಥದ್ದನ್ನು ತಾನು ಬರೆಯುವುದಿಲ್ಲ ಎಂದರು. ಆಮೇಲೆ ಹೇಳಿದರು:

'ಯಾರರ ಕರದ್ರ ಹೂಂ ಅಂತಿಯಲ್ಲ ತಮ್ಮಾ, ಹಂಗ ಅನ್ನು.'

ಅವನು ಹೂಂ ಎಂದ.

'ಅದನ್ನ ಎಳಿ. ಜೋರ ಬ್ಯಾಡ.'

ಅವನು ಎಳೆದ. ಪರದೆಯ ಆಚೆಯಿಂದ ಒಂದು ದಪ್ಪ, ಮಂದ ದನಿ ಬಂತು. ಅಂಚು ಒರಟಾಗಿತ್ತು, ನಡು ಗಟ್ಟಿಯಾಗಿತ್ತು. ಚೀಟಿ ಹರಿಯುತ್ತಿದ್ದ ಕಾಕಾ ತಿರುಗಿ ನೋಡಿದರು. ಗುಂಯ್ ಎನ್ನುವ ಕಿವಿಯಲ್ಲೂ ನನಗೆ ಅದು ಕೇಳಿಸಿತು. ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಅನುಮಾನಪಟ್ಟೆ.

'ಇದ ನಿನ್ನ ದನಿ' ಎಂದರು ಮೇಡಂ. 'ಇಷ್ಟ ದಿನ ಯಾರದೋ ದನಿ ಹೊತ್ಕೊಂಡ ಒದರಾಕತ್ತಿದ್ದಿ.'

'ಇದರಾಗ ಹಾಡಾಕ ಬರತೈತೇನ್ರಿ?'

'ಬರತೈತಿ. ಮೊದಲ ಸುಮ್ನ ಇರೂದ ಕಲಿ.'

ಹೊರಗೆ ಬಂದಾಗ ಅವನು ಮುಷ್ಟಿಯನ್ನು ಬಾಯಿಗೆ ಹಿಡಿಯಲಿಲ್ಲ. ಕಾಕಾ ಅವರ ಕಾಲು ಮುಟ್ಟಿ ನಮಸ್ಕರಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆದ. ಕೊನೆಯ ಹಾಡಿನ ವಿಚಾರ ಮರೆತಂತಿತ್ತು.

ಅಲ್ಲಿಂದ ಮುಂದಿನ ಕೆಲವು ತಿಂಗಳು ಲಕ್ಕೂ ಮನುಷ್ಯನಂತೆ ಇದ್ದ. ವಾರಕ್ಕೊಮ್ಮೆ ಹುಕ್ಕೇರಿಗೆ ಹೋಗುತ್ತಿದ್ದ. ಮರಳುವಾಗ ಗೋಕಾಕದಲ್ಲಿ ಇಳಿದು, ನಮ್ಮ ಕಚೇರಿಯಲ್ಲಿ ಬಂದು ಸುಮ್ಮನೆ ಕೂರುತ್ತಿದ್ದ. ಮಾತಾಡಬಾರದೆಂದು ಮೇಡಂ ಹೇಳಿದ್ದರಿಂದ ಕೈಸನ್ನೆ ಮಾಡುತ್ತಿದ್ದ. ನಾನು ಕಂಡ ಲಕ್ಕೂಗಳಲ್ಲಿ ಇವನೇ ವಾಸಿ ಎಂದು ಪುಟ ಕಟ್ಟುವ ಹುಡುಗಿ ಹೇಳಿದಳು. ಕೂದಲಿಗೆ ಹಚ್ಚಿದ್ದ ತಾಮ್ರದ ಬಣ್ಣ ತುದಿಯವರೆಗೆ ಇಳಿದು, ಬುಡದಲ್ಲಿ ಕಪ್ಪು ಬಂದಿತ್ತು.

ಅವನ ಬುದ್ಧಿ ಮಾತ್ರ ಅಷ್ಟು ಬೇಗ ಬೆಳೆಯಲಿಲ್ಲ. ಉಸಿರಿನ ಅಭ್ಯಾಸ ಎಲ್ಲಾದರೂ ಒಬ್ಬನೇ ಮಾಡು ಎಂದು ಮೇಡಂ ಹೇಳಿದ್ದಕ್ಕೆ, ಅವನು ಗೋಕಾಕ ಫಾಲ್ಸಿಗೆ ಹೋಗಿ, ತುಂಬಿ ಬೀಳುವ ನೀರಿನ ಎದುರು ನಿಂತು ಹಾಡತೊಡಗಿದ. ನೀರಿನ ಸದ್ದಿಗೆ ತನ್ನ ದನಿ ತನಗೇ ಕೇಳಿಸದೆ ಮತ್ತೆ ಒದರಿದ. ಗಂಟಲು ಬಾತಿತು. ಮೇಡಂ ಬೈದರಂತೆ. ಕುರಿಗಾರರ ಮಗ ಅಲ್ಲವೇ ನೀನು, ಹಟ್ಟಿಗೆ ಹೋಗು, ಕುರಿಯ ಮುಂದೆ ಹಾಡು, ಅವು ಸೀಟಿ ಹೊಡೆಯುವುದಿಲ್ಲ, ನೀನೂ ಉಬ್ಬುವುದಿಲ್ಲ ಎಂದರಂತೆ.

ಅವನು ಹಟ್ಟಿಗೆ ಹೋದ. ಅಪ್ಪ ಮೊದಲ ದಿನ ಮುಖ ತಿರುಗಿಸಿದರು. ಕೆಲವು ದಿನಗಳ ಮೇಲೆ, ಮಗ ಮಂದ ದನಿಯಲ್ಲಿ ಹಾಡುವುದನ್ನು ಕೇಳಿ, ಮಲಗಲು ಒಂದು ಕಂಬಳಿ ಕೊಟ್ಟರು. ಇದನ್ನು ಲಕ್ಕೂ ನನಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ಈ ಸಲ ಅವನದೇ. ದನಿ ಪೂರ್ತಿ ತೆರೆದ ಮೇಲೆ ಅಪ್ಪನ ಮೇಳದಲ್ಲಿ ಹಿಂದೆ ನಿಂತು ಹಾಡುವುದು ಅವನ ಲೆಕ್ಕಾಚಾರವಾಗಿತ್ತು. ಮುಂದೆ ಅಲ್ಲ, ಹಿಂದೆ. ಅವನ ಬಾಯಿಂದ ನಾನು ಕೇಳಿದ ಮೊದಲ ವಿವೇಕದ ಮಾತು ಅದು. ಅದಕ್ಕೆ ಇನ್ನೂ ಕೆಲವು ತಿಂಗಳ ಚಿಕಿತ್ಸೆ ಬೇಕು ಎಂದು ಮೇಡಂ ಹೇಳಿದ್ದರು.

ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು.

ಒಂದು ಮಧ್ಯಾಹ್ನ ಲಕ್ಕೂ ಕಚೇರಿಗೆ ಬಂದು ಮೊಬೈಲನ್ನು ನನ್ನ ಮೇಜಿನ ಮೇಲೆ ಇಟ್ಟ. 'ಮೇಡಂರ ಉಪಕಾರ ಮುಟ್ಟಸೇನ್ರಿ ಸರ' ಎಂದ. ಹಚ್ಚಿದೆ. ಅದೇ ಡಬ್ಬಿಯ ದನಿ, ಅದೇ ಬಡಿತ. 'ಹುಕ್ಕೇರಿ ವಿಶಾಖಾ, ನನ್ನ ದನಿ ನೀ ಕೊಟ್ಟಿ, ನೀ ಇಲ್ಲದ ನಾ ಮೂಕಾ' ಎಂದು ಹಾಡು ಶುರುವಾಗುತ್ತಿತ್ತು. ಪರದೆಯ ಮೇಲೆ ಬಾಳಾಸಾಬ ಯಾವಳೋ ನಟಿಯ ಫೋಟೊ ಹಾಕಿ ಸುತ್ತ ಕೆಂಪು ಹೃದಯಗಳನ್ನು ಹಾರಿಸಿದ್ದ.

ಇದೇನು ಎಂದು ಕೇಳಿದೆ.

'ಥ್ಯಾಂಕ್ಸ್ ರಿ.'

ಈ ಬಗೆಯ ಹಾಡಿನಲ್ಲಿ ಹೆಣ್ಣಿನ ಹೆಸರು ಬಂದರೆ ಜನ ಏನೆಂದು ತಿಳಿಯುತ್ತಾರೆ ಎಂಬುದು, ಆ ಹೆಸರುಗಳನ್ನು ವರ್ಷಗಟ್ಟಲೆ ತೂರಿದವನಿಗೆ ಗೊತ್ತಿಲ್ಲವೇ ಎಂದೆ. ಅವನು ನಿಜಕ್ಕೂ ಯೋಚಿಸಿದ. ಆಮೇಲೆ ಹೇಳಿದ:

'ನಿಮ್ಮ ಹೆಸರೂ ಹಾಕೇನಲ್ರಿ ಸರ. ನಿಮ್ಗೇನಾತು?'

ಈಗಲೇ ತೆಗೆಸು ಎಂದೆ. ಅವನು ಮೂಡಲಗಿಗೆ ಹೋದ. ಓಡುತ್ತಿರುವ ಹಾಡನ್ನು ಯಾವನು ತೆಗೆಯುತ್ತಾನೆ ಎಂದು ಬಾಳಾಸಾಬ ನಕ್ಕನಂತೆ.

ಹುಕ್ಕೇರಿಯಲ್ಲಿ ವಿಶಾಖಾ ಎಂಬ ಹೆಸರಿನವರು ಬೇರೆ ಯಾರೂ ಇರಲಿಲ್ಲ. ಇದ್ದರೂ ಬೋರ್ಡಿನ ಮೇಲೆ ಹೆಸರು ಬರೆಸಿಕೊಂಡವರು ಅವರೊಬ್ಬರೇ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ದವಾಖಾನೆಯ ಎದುರು ನಿಧಾನವಾಗಿ, ಹಾಡಿನ ಸದ್ದು ಏರಿಸಿಕೊಂಡು ದಾಟತೊಡಗಿದವು. ಕಿವಿ ನೋವಿಲ್ಲದ ಹುಡುಗರು ಕಿವಿ ನೋವೆಂದು ಬಂದು, ಮೇಡಂ ಮುಖ ನೋಡಿ, ಇವರು ನಮ್ಮವ್ವನ ವಯಸ್ಸಿನವರಲ್ಲವೇ ಎಂದು ನಿರಾಶೆಯಿಂದ ಮಾತಾಡಿಕೊಂಡು ಹೋದರು. ಓದಿದವರೂ ಹಿಂದೆ ಬೀಳಲಿಲ್ಲ. ಊರಿನ ಗಣ್ಯರೊಬ್ಬರು ನಮ್ಮ ಕಚೇರಿಗೆ ಫೋನು ಮಾಡಿ, ಪ್ರಕರಣದ ಒಳಸುಳಿ ಏನು, ನಿಮಗೆ ಗೊತ್ತಿರಬೇಕಲ್ಲ ಎಂದು ವಿಚಾರಿಸಿದರು. ಮಹಿಳೆಯರ ಗೌರವದ ಬಗ್ಗೆ ಅವರು ಮಾಡಿದ ಭಾಷಣವನ್ನು ಹಿಂದಿನ ವಾರ ತಾನೇ ಪ್ರಕಟಿಸಿದ್ದೆವು. ಒಳಸುಳಿ ಇಲ್ಲ ಎಂದು ಹೇಳಿದ್ದಕ್ಕೆ ಅವರು ನಂಬಲಿಲ್ಲ.

ಊರು ಬಿಡುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ಮೇಡಂ, 'ಹೋಗೂದಾದ್ರ ಟ್ರ್ಯಾಕ್ಟರ್ ಹೋಗಲಿ, ನಾ ಯಾಕ ಹೋಗ್ಲಿ?' ಎಂದರಂತೆ. ಅವರು ಹೋಗಲಿಲ್ಲ. ಆದರೆ ಕಾಕಾ ಬಾಗಿಲ ಬಳಿ ಕೂರುವುದನ್ನು ಬಿಟ್ಟರು.

ಲಕ್ಕೂ ತನ್ನ ವಾರದ ದಿನ ಎಂದಿನಂತೆ ಹೋದ. ಅವನಿಗಾಗಿಯೇ ಆ ದಿನ ಬಂದು ಕಾದಿದ್ದ ಕಾಕಾ ಮೆಟ್ಟಿಲ ಮೇಲೇ ಅವನನ್ನು ತಡೆದರು. ಅವರು ಆಡಿದ ಮಾತನ್ನು ಅಲ್ಲಿ ಕೂತಿದ್ದ ಇಬ್ಬರು ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ಒಂದೇ ಇವೆ.

'ನನ್ನ ಮಗಳ ಹೆಸರ ಬೋರ್ಡ್ ಮ್ಯಾಲೆ ಬರಿಸಾಕ ನಾ ಮಂದಿ ಹೊಲದಾಗ ದುಡದೇನಿ. ನೀ ಅದನ್ನ ಟ್ರ್ಯಾಕ್ಟರ್ ಮ್ಯಾಲೆ ಹಾಕಿದಿ. ನಡಿ.'

ಅವನ ಚಿಕಿತ್ಸೆ ಅಲ್ಲಿಗೆ ನಿಂತಿತು.

ಅವನು ನೇರ ನನ್ನ ಹತ್ತಿರ ಬಂದ. ನಾನು ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ: ಸ್ವಲ್ಪ ದಿನ ಬಿಡು, ಆಮೇಲೆ ಹೋಗಿ ಆ ಹಿರಿಯರ ಎದುರು ನಿಂತು ತಪ್ಪಾಯಿತು ಎನ್ನು, ಅವರು ಬೈದರೆ ಬೈಸಿಕೋ, ತಿರುಗಿ ಬಾ, ನಡುವೆ ಏನನ್ನೂ ಹಾಡಬೇಡ. ಅವನು ತಲೆ ಆಡಿಸಿದ. ಅವನು ತಲೆ ಆಡಿಸುವುದು ಬಡಿತಕ್ಕೇ ಹೊರತು ಮಾತಿಗಲ್ಲ ಎಂಬುದು ನನಗೆ ತಿಳಿದಿರಬೇಕಿತ್ತು.

ಅವನು ಕ್ಷಮೆ ಕೇಳುವ ಹಾಡು ಮಾಡಿದ.

ಈ ಸಲ ಸ್ಟುಡಿಯೊ ಇರಲಿಲ್ಲ. ಹಟ್ಟಿಯಲ್ಲಿ ಕೂತು, ಮೊಬೈಲನ್ನು ಕಲ್ಲಿನ ಮೇಲಿಟ್ಟು, ತನ್ನ ಸ್ವಂತ ದನಿಯಲ್ಲಿ ಹಾಡಿದ್ದ. ಹಿಂದೆ ಕುರಿಗಳ ಕೆಮ್ಮು, ದೂರದಲ್ಲಿ ಅಪ್ಪ ನಾಯಿಯನ್ನು ಗದರಿಸುವುದು ಕೇಳಿಸುತ್ತಿತ್ತು. ಬಡಿತ ಇಲ್ಲ, ಗೆಳೆಯರ ಪಟ್ಟಿ ಇಲ್ಲ, ಕೌಜಲಗಿ ಹುಲಿ ಇಲ್ಲ. ಅವಸರವಿಲ್ಲದೆ ಸಾಲು ಸಾಲಾಗಿ ಇಳಿಯುತ್ತಿತ್ತು. ಅವನ ಬಗ್ಗೆ ನಾನು ಒಳ್ಳೆಯದನ್ನು ಬರೆಯಬೇಕಾದರೆ ಇಲ್ಲಿ ಬರೆಯಬೇಕು: ಅದು ಒಳ್ಳೆಯ ಹಾಡು. ಕೇಳಿ ಮುಗಿದ ಮೇಲೆ ಪುಟ ಕಟ್ಟುವ ಹುಡುಗಿ ಇನ್ನೊಮ್ಮೆ ಹಚ್ಚು ಎಂದಳು.

ಅದರ ಕೊನೆಗೆ ಒಂದೇ ಒಂದು ಹೆಸರಿತ್ತು. ಹುಕ್ಕೇರಿ ವಿಶಾಖಾ.

'ಹೆಸರ ಯಾಕ ಹಾಕಿದಿ?' ಎಂದೆ. ಅವನು ಆಡುವ ಭಾಷೆಯೇ ನನ್ನ ಬಾಯಿಗೂ ಬಂದಿತ್ತು.

'ಹೆಸರ ಹಾಕಲಿಲ್ಲಂದ್ರ ಯಾರಿಗಿ ತಪ್ಪಾತು ಅಂದೆ ಅಂತ ಹ್ಯಾಂಗ ಗೊತ್ತಾಗಬೇಕ್ರಿ?'

ಹಾಡು ಆಗಲೇ ಮೊಬೈಲಿನಿಂದ ಮೊಬೈಲಿಗೆ ಹೊರಟಿತ್ತು. ಬಾಳಾಸಾಬ ಅದನ್ನು ಹಿಡಿದು, ಶ್ರುತಿ ಏರಿಸಿ, ಬಡಿತ ಹಾಕಿ, ಹೃದಯವನ್ನು ಎರಡು ತುಂಡು ಮಾಡಿ ತೋರಿಸಿ ಬಿಟ್ಟ. ಮೂರು ತಾಲ್ಲೂಕಿನ ಜನ ಈಗ ಇಬ್ಬರಿಗೂ ಜಗಳವಾಗಿದೆ ಎಂಬ ತೀರ್ಮಾನಕ್ಕೆ ಬಂದರು. ಹುಡುಗಿ ಕೈಕೊಟ್ಟಳು ಎಂದು ಕೆಲವರು, ಮನೆಯವರು ಬಿಡಿಸಿದರು ಎಂದು ಕೆಲವರು. ಮೊದಲನೆಯದಕ್ಕಿಂತ ಇದು ಹೆಚ್ಚು ಓಡಿತು. ಎರಡೂ ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಟ್ರ್ಯಾಕ್ಟರು ದವಾಖಾನೆಯ ಮುಂದೆ ಹೋಗುವುದನ್ನು ನಾನೇ ಕಂಡಿದ್ದೇನೆ. ಸ್ಟುಡಿಯೊ ಎರಡನೆಯ ಕೋಣೆ ಕಟ್ಟಿಸಿತು.

ಹಂಗಾಮು ಮುಗಿದ ಮೇಲೆ ಕಿವಿ ತೋರಿಸಲು ನಾನು ಮತ್ತೆ ಹುಕ್ಕೇರಿಗೆ ಹೋದೆ. ಚೀಟಿ ಕೊಡಲು ಬೇರೆ ಯಾರೋ ಕೂತಿದ್ದರು. ಮೇಡಂ ಕಿವಿ ನೋಡಿ, ಔಷಧ ಬರೆದು, ಕೈ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದರು:

'ಆ ಹುಡುಗ ಎರಡನೇ ಹಾಡಿನ್ಯಾಗ ಉಸರ ಬರೋಬ್ಬರಿ ತಗೊಂಡಾನ್ರಿ. ಬಡಿತ ಹಾಕೂಕಿಂತ ಮೊದಲ ಬಂದಿತ್ತಲ್ಲ, ಕುರಿ ದನಿ ಇದ್ದದ್ದು, ಅದು. ಹಂಗ ಹಾಡಿದ್ರ ಗಂಟ ಕರಗತಾವು.'

ಅವನಿಗೆ ಹೇಳಲೇ ಎಂದು ಕೇಳಿದೆ. ಅವರು ಟವೆಲಿನಿಂದ ಬೆರಳುಗಳನ್ನು ಒರೆಸಿಕೊಂಡರು. ಮುಂದಿನವರನ್ನು ಕರೆದರು.

ಲಕ್ಕೂನನ್ನು ನಾನು ಕೊನೆಗೆ ಕಂಡದ್ದು ದಡ್ಡಿ ಎಂಬ ಊರಿನಲ್ಲಿ. ಘಟಪ್ರಭೆಯ ದಂಡೆ ಕೊರೆದುಹೋದ ಸುದ್ದಿಗೆಂದು ಹೋಗಿದ್ದೆ. ಕಬ್ಬು ಕಡಿದ ಹೊಲವೊಂದರಲ್ಲಿ, ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದರು. ಸಿದ್ದಪ್ಪ ನೆರಳಿನಲ್ಲಿ ಮಲಗಿದ್ದರು. ಹೆಗಲಿಗೆ ಕಂಬಳಿ ಹಾಕಿಕೊಂಡು ನಿಂತಿದ್ದವನನ್ನು ಹೊಲದ ಮಾಲಕ, ನೀ ಯಾರ ಪೈಕಿ ಎಂದು ಕೇಳುತ್ತಿದ್ದ.

'ಕೌಜಲಗಿ ಸಿದ್ದಪ್ಪನ ಮಗಾರಿ' ಎಂದ ಲಕ್ಕೂ. ದನಿ ದಪ್ಪಗಿತ್ತು, ಆದರೆ ಅಂಚಿನಲ್ಲಿ ಆ ಗಾಳಿ ಇನ್ನೂ ಇತ್ತು. ಗಂಟು ಪೂರ್ತಿ ಕರಗಿರಲಿಲ್ಲ. ಅಪ್ಪನ ಮೇಳದಲ್ಲಿ ಅವನನ್ನು ಸೇರಿಸಿಕೊಂಡಿರಲಿಲ್ಲ. ಹೆಣ್ಣಿನ ಹೆಸರು ಬೀದಿಗೆ ತಂದವನು ಗುರುವಿನ ಹೆಸರು ಹೇಗೆ ಹಿಡಿಯುತ್ತಾನೆ ಎಂದು ಮೇಳದವರು ಕೇಳಿದ್ದರಂತೆ. ಹಾಗೆ ಕೇಳಿದವರ ಮನೆಯ ಟ್ರ್ಯಾಕ್ಟರಿನಲ್ಲೂ ಆ ಹಾಡು ಇತ್ತು ಎಂಬುದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

ಅವನು ನನಗೆ ಕುಡಿಯಲು ನೀರು ಕೊಟ್ಟ. ಒಂದಿಷ್ಟು ಹೊತ್ತು ಕುರಿಗಳ ಬಗ್ಗೆ, ಹೊಳೆಯ ಬಗ್ಗೆ ಮಾತಾಡಿದೆವು. ಹೊರಡಲು ಎದ್ದಾಗ, ಕೇಳುವುದೋ ಬೇಡವೋ ಎಂಬಂತೆ ಕೇಳಿದ:

'ಸರ, ಮೇಡಂ ಏನರ ಅಂದ್ರೇನ್ರಿ?'

ಅವನ ಮುಖ ಒಳ್ಳೆಯದಿತ್ತು. ಪರದೆಯಾಚೆಯಿಂದ ಹೊರಬಂದ ದಿನ ಇದ್ದಂಥ ಮುಖವೇ. ಮೇಡಂ ಹೇಳಿದ್ದು ನನ್ನ ನಾಲಗೆಯ ಮೇಲಿತ್ತು. ಆಗ ಅವನ ಬಲಗೈ ನೋಡಿದೆ. ಅದು ಆಗಲೇ ಕಂಬಳಿಯ ಕೆಳಗೆ, ಅಂಗಿಯ ಜೇಬಿನಲ್ಲಿದ್ದ ಮೊಬೈಲಿನ ಮೇಲಿತ್ತು.

ಏನೂ ಅನ್ನಲಿಲ್ಲಪ್ಪಾ ಎಂದು ಹೇಳಿ ಗಾಡಿ ಹತ್ತಿದೆ.